ತಂಗಿಯ ಮಗುವಿಗೆ ನ್ಯೂರೋಬ್ಲಾಸ್ಟೋಮಾ: ಪೇಪರಿನಲ್ಲಿ ಬಂದ ಹೊಸ ಔಷಧ ನಮಗೂ ಸಿಗುತ್ತಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಸೋಮವಾರಪೇಟೆ ತಾಲ್ಲೂಕು. ತಂಗಿಯನ್ನು ಸಿದ್ದಾಪುರದ ಕಡೆ ಕೊಟ್ಟಿದೆ, ಅವರದು ಕಾಫಿ ತೋಟ. ಅವಳ ಎರಡನೇ ಮಗುವಿಗೆ ಎರಡೂವರೆ ವರ್ಷ. ಮಳೆಗಾಲದಲ್ಲಿ ಕಾಲು ನೋವು ಅಂತ ಅಳುತ್ತಿದ್ದ, ಆಗಾಗ ಜ್ವರ ಬರುತ್ತಿತ್ತು. ವೈರಲ್ ಇರಬೇಕು ಅಂದುಕೊಂಡೆವು. ಆಮೇಲೆ ಎರಡೂ ಕಣ್ಣಿನ ಸುತ್ತ ಕಪ್ಪಗಾಯಿತು. ಎಲ್ಲೋ ಬಿದ್ದಿರಬೇಕು ಅಂದರು, ಅಜ್ಜಿ ದೃಷ್ಟಿ ತೆಗೆದರು. ಕೊನೆಗೆ ಬೆಂಗಳೂರಿನಲ್ಲಿ ಹೊಟ್ಟೆಯ ಸ್ಕ್ಯಾನ್ ಮಾಡಿ ನ್ಯೂರೋಬ್ಲಾಸ್ಟೋಮಾ ಅಂದರು. ಹೈ ರಿಸ್ಕ್, ಎನ್-ಮಿಕ್ ಪಾಸಿಟಿವ್, ಮೂಳೆಗೂ ಹರಡಿದೆ, ಒಂದೂವರೆ ವರ್ಷ ಚಿಕಿತ್ಸೆ ಅಂತ ಹೇಳಿದ್ದಾರೆ. ಬಸುರಿಯಾಗಿದ್ದಾಗ ತೋಟಕ್ಕೆ ಔಷಧಿ ಹೊಡೆಯುವಾಗ ಅಲ್ಲೇ ಓಡಾಡಿದ್ದೆ, ಅದಕ್ಕೇ ಹೀಗಾಯಿತು ಅಂತ ತಂಗಿ ದಿನಾ ಕೊರಗುತ್ತಾಳೆ. ಗೋಣಿಕೊಪ್ಪದ ನಮ್ಮ ಪರಿಚಯದವರ ಮೂರು ತಿಂಗಳ ಮಗುವಿಗೂ ಇದೇ ಕಾಯಿಲೆ ಇತ್ತು. ಡಾಕ್ಟರು ಸುಮ್ನೆ ನೋಡ್ತಾ ಇರೋಣ ಅಂದರಂತೆ, ಈಗ ಗಡ್ಡೆಯೇ ಇಲ್ಲ. ಅದು ಹೇಗೆ? ಪೇಪರಿನಲ್ಲಿ ಕಾರ್-ಟಿ ಅಂತ ಹೊಸ ಚಿಕಿತ್ಸೆ ಬಗ್ಗೆ ಬಂದಿತ್ತು, ಅದು ಇವನಿಗೆ ಆಗುತ್ತಾ? ದೊಡ್ಡ ಮಗಳಿಗೂ ಪರೀಕ್ಷೆ ಮಾಡಿಸಬೇಕಾ?

ಉತ್ತರ: ಮೊದಲು ತಂಗಿಯ ಕೊರಗಿನ ಮಾತು. ಔಷಧದ ಮಾತು ಆಮೇಲೆ.

ಈ ಕ್ಯಾನ್ಸರಿನ ಬೀಜ ಬೀಳುವುದು ಮಗು ಹುಟ್ಟುವ ಮೊದಲೇ. ಭ್ರೂಣದ ಬೆನ್ನಿನ ಉದ್ದಕ್ಕೂ ಒಂದು ಗುಂಪು ಜೀವಕೋಶಗಳಿರುತ್ತವೆ. ಅವು ಅಲ್ಲಿಂದ ಹೊರಟು ದೇಹದ ಬೇರೆ ಬೇರೆ ಕಡೆ ಹೋಗಿ ನೆಲೆಸುತ್ತವೆ. ಕೆಲವು ಬೆನ್ನುಮೂಳೆಯ ಪಕ್ಕದ ನರಗಂಟುಗಳಾಗುತ್ತವೆ. ಕೆಲವು ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯ ಒಳಭಾಗವಾಗುತ್ತವೆ. ಗಾಬರಿಯಾದಾಗ ಎದೆ ಡವಡವ ಅನ್ನುವುದು, ಬೆವರುವುದು ಎಲ್ಲ ಈ ನರಗಳ ಕೆಲಸ. ಈ ದಾರಿಯಲ್ಲಿ ಕೆಲವು ಕೋಶಗಳು ಬಲಿಯದೆ ಉಳಿದು, ಹೆಚ್ಚುತ್ತಾ ಹೋಗುತ್ತವೆ. ತೋಟದವರಿಗೆ ಹೇಳಬೇಕೆಂದರೆ ಕಾಫಿ ಗಿಡದ ಕಂಬ ಚಿಗುರಿನ ಹಾಗೆ: ಸಾರವನ್ನೆಲ್ಲ ಎಳೆದುಕೊಂಡು ಭರ್ರನೆ ಬೆಳೆಯುತ್ತದೆ, ಕಾಯಿ ಮಾತ್ರ ಬಿಡುವುದಿಲ್ಲ.

ಇದು ಯಾವಾಗ ಶುರುವಾಗುತ್ತದೆ ಅನ್ನುವುದಕ್ಕೆ ಈಗ ಒಳ್ಳೆಯ ಉತ್ತರವಿದೆ. ಜೀವಕೋಶ ಒಡೆದು ಎರಡಾಗುವಾಗೆಲ್ಲ ಅದರ ಡಿಎನ್‌ಎಯಲ್ಲಿ ಸಣ್ಣಪುಟ್ಟ ಬದಲಾವಣೆಗಳು ಸೇರುತ್ತಾ ಹೋಗುತ್ತವೆ. ಅವನ್ನು ಎಣಿಸಿದರೆ ಗಡ್ಡೆಯ ವಯಸ್ಸು ತಿಳಿಯುತ್ತದೆ. ಜರ್ಮನಿಯ ಹೈಡಲ್‌ಬರ್ಗ್‌ನ ಸಂಶೋಧಕರು 2023ರಲ್ಲಿ ಈ ಲೆಕ್ಕ ಹಾಕಿ ತೋರಿಸಿದರು. ಮೊದಲ ಎಡವಟ್ಟು ಆಗುವುದು ಗರ್ಭದ ಆರಂಭದ ತಿಂಗಳುಗಳಲ್ಲೇ. ಅದೂ ಕೋಶ ಒಡೆಯುವಾಗ ಕ್ರೋಮೋಸೋಮ್‌ಗಳು ಸರಿಯಾಗಿ ಹಂಚಿಕೆಯಾಗದೆ ಆಗುವ ಎಡವಟ್ಟು. ತಾಯಿ ಏನು ತಿಂದಳು, ಎಲ್ಲಿ ಓಡಾಡಿದಳು ಅನ್ನುವುದು ಇದಕ್ಕೆ ಕಾರಣ ಅಂತ ತೋರಿಸಿದವರು ಯಾರೂ ಇಲ್ಲ. ಕೀಟನಾಶಕಗಳ ಬಗ್ಗೆ ಹಲವು ದೇಶಗಳಲ್ಲಿ ಅಧ್ಯಯನ ನಡೆದಿದೆ. ಕೆಲವದರಲ್ಲಿ ಸಣ್ಣ ನಂಟು ಕಂಡಿದೆ, ಕೆಲವದರಲ್ಲಿ ಏನೂ ಕಂಡಿಲ್ಲ. ಇಂಥ ಔಷಧಿಯಿಂದ ಇಂಥ ಮಗುವಿಗೆ ಬಂತು ಅಂತ ಬೆರಳು ತೋರಿಸುವಷ್ಟು ಸಾಕ್ಷ್ಯ ಇಲ್ಲ. ಬಸುರಿಯರು, ಮಕ್ಕಳು ಸ್ಪ್ರೇ ಮಾಡುವ ಜಾಗದಿಂದ ದೂರ ಇರಬೇಕು ಅನ್ನುವುದು ಸರಿಯೇ. ಆದರೆ ಅದನ್ನು ಹಿಡಿದು ತಂಗಿ ತನ್ನನ್ನು ತಾನೇ ದೂರಿಕೊಳ್ಳುವುದು ಬೇಡ. ಇದನ್ನು ಮನೆಯ ಹಿರಿಯರಿಗೂ ಓದಿ ಹೇಳಿ. ತಾಯಿಗೆ ಈ ಮಾತು ಹೊರಗಿನವರಿಗಿಂತ ಜಾಸ್ತಿ ಮನೆಯೊಳಗಿಂದಲೇ ಚುಚ್ಚುವುದು.

ಪತ್ತೆಯಾಗಲು ತಡವಾಯಿತಲ್ಲ ಅಂತಲೂ ನಿಮಗೆ ಅನ್ನಿಸುತ್ತಿರಬಹುದು. ಈ ಕಾಯಿಲೆ ಹಿಡಿತಕ್ಕೆ ಸಿಗುವುದು ಕಷ್ಟವೇ. ಮಕ್ಕಳ ಕಾಲುನೋವು, ಜ್ವರ ಬಹುತೇಕ ಬೇರೆ ಕಾರಣಕ್ಕೇ ಬರುತ್ತದೆ. ಆದರೆ ಇದನ್ನು ಓದುವ ಬೇರೆ ತಂದೆತಾಯಿಗಳಿಗೆ ಒಂದು ಮಾತು. ಬಿದ್ದ ನೆನಪಿಲ್ಲದೆ ಎರಡೂ ಕಣ್ಣಿನ ಸುತ್ತ ಪೆಟ್ಟಾದ ಹಾಗೆ ಕಪ್ಪಾದರೆ ದೃಷ್ಟಿ ತೆಗೆಯಿರಿ, ಬೇಡ ಅನ್ನುವುದಿಲ್ಲ, ಅವತ್ತೇ ಡಾಕ್ಟರಿಗೂ ತೋರಿಸಿ. ಕಣ್ಣುಗೂಡಿನ ಮೂಳೆಗೆ ಗಡ್ಡೆ ಹರಡಿ ರಕ್ತ ಒಸರಿದರೆ ಹಾಗಾಗುತ್ತದೆ. ವಾರಗಟ್ಟಲೆ ಕುಂಟುವುದು, ಜೊತೆಗೆ ಜ್ವರ, ಬಿಳಿಚಿಕೊಳ್ಳುವುದು, ಸ್ನಾನ ಮಾಡಿಸುವಾಗ ಹೊಟ್ಟೆಯಲ್ಲಿ ಕೈಗೆ ಗಟ್ಟಿಯಾಗಿ ಏನೋ ಸಿಗುವುದು, ಕಣ್ಣುಗುಡ್ಡೆ ಎಲ್ಲ ದಿಕ್ಕಿಗೂ ಕುಣಿಯುವುದು, ಇವೂ ಸುಮ್ಮನಿರುವ ಲಕ್ಷಣಗಳಲ್ಲ. ಹೊಟ್ಟೆಯ ಅಲ್ಟ್ರಾಸೌಂಡ್ ಮಡಿಕೇರಿಯಲ್ಲೇ ಆಗುತ್ತದೆ, ಅದಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ.

ಇನ್ನು ಗೋಣಿಕೊಪ್ಪದ ಮಗು. ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಕಳೆದ ಐವತ್ತು ವರ್ಷದ ಸಂಶೋಧನೆಯ ಅರ್ಧ ಕಥೆ ಅದರಲ್ಲೇ ಇದೆ.

ಒಂದು ವರ್ಷ, ಒಂದೂವರೆ ವರ್ಷದೊಳಗಿನ ಕೆಲವು ಶಿಶುಗಳಲ್ಲಿ ಈ ಗಡ್ಡೆ ತಾನಾಗಿಯೇ ಕರಗಿಹೋಗುತ್ತದೆ. ಲಿವರಿಗೆ, ಚರ್ಮಕ್ಕೆ ಹರಡಿದ್ದರೂ ಕರಗಿದ ಉದಾಹರಣೆಗಳಿವೆ. ಅಮೆರಿಕದ ವೈದ್ಯರು 1971ರಲ್ಲೇ ಇದನ್ನು ಬೇರೆಯೇ ಗುಂಪು ಅಂತ ಗುರುತಿಸಿದರು. ಕ್ಯಾನ್ಸರ್ ಅಂದರೆ ಬೆಳೆಯುತ್ತಲೇ ಹೋಗುವುದು ಅಂತ ನಾವು ಕಲಿತಿದ್ದಕ್ಕೆ ಇದು ಪೂರ್ತಿ ಉಲ್ಟಾ.

ಇದನ್ನು ಸರಿಯಾಗಿ ಅರ್ಥ ಮಾಡಿಸಿದ್ದು ಜಪಾನಿನ ಒಂದು ದೊಡ್ಡ ಪ್ರಯತ್ನ. ಈ ಗಡ್ಡೆಯ ಕೋಶಗಳು ಅಡ್ರಿನಲಿನ್ ಜಾತಿಯ ರಾಸಾಯನಿಕಗಳನ್ನು ಮಾಡುತ್ತವೆ, ಅವುಗಳ ಉಳಿಕೆ ಮೂತ್ರದಲ್ಲಿ ಹೋಗುತ್ತದೆ. ಹಾಗಾದರೆ ಎಲ್ಲ ಶಿಶುಗಳ ಮೂತ್ರ ಪರೀಕ್ಷೆ ಮಾಡಿದರೆ ಕಾಯಿಲೆಯನ್ನು ಬೇಗ ಹಿಡಿಯಬಹುದಲ್ವಾ? ಯೋಚನೆ ಚೆನ್ನಾಗಿಯೇ ಇತ್ತು. 1980ರ ದಶಕದ ಮಧ್ಯದಲ್ಲಿ ಜಪಾನ್ ದೇಶಾದ್ಯಂತ ಆರು ತಿಂಗಳ ಶಿಶುಗಳಿಗೆ ಈ ಪರೀಕ್ಷೆ ಶುರುಮಾಡಿತು. ಮಗುವಿನ ಡೈಪರಿನಲ್ಲಿ ಒಂದು ಫಿಲ್ಟರ್ ಪೇಪರ್ ಇಡುವುದು, ಒಣಗಿಸುವುದು, ಪೋಸ್ಟ್ ಮಾಡುವುದು, ಅಷ್ಟೇ. ಪತ್ತೆಯಾದ ಮಕ್ಕಳ ಸಂಖ್ಯೆ ದುಪ್ಪಟ್ಟಿಗೂ ಹತ್ತಿರ ಹೋಯಿತು. ಎಲ್ಲರಿಗೂ ಖುಷಿ. ಆದರೆ ಎರಡು ಮೂರು ವರ್ಷದ ಮಕ್ಕಳಲ್ಲಿ ಕಾಣುವ ಕೆಟ್ಟ ಜಾತಿಯ ಕಾಯಿಲೆ ಅಂದುಕೊಂಡ ಹಾಗೆ ಕಡಿಮೆಯಾಗಲಿಲ್ಲ. ಕೆನಡಾದ ಕ್ವಿಬೆಕ್ ಮತ್ತು ಜರ್ಮನಿಯಲ್ಲಿ ನಡೆದ ಎರಡು ಅಧ್ಯಯನಗಳು 2002ರಲ್ಲಿ ಬಂದವು. ಸ್ಕ್ರೀನಿಂಗ್‌ನಿಂದ ಸಾವು ಕಡಿಮೆಯಾಗಿಲ್ಲ ಅಂತ ಎರಡೂ ಹೇಳಿದವು. ಪರೀಕ್ಷೆಯಲ್ಲಿ ಸಿಕ್ಕಿದ್ದು ಬಹುಪಾಲು ತಾವಾಗಿಯೇ ಕರಗಿಹೋಗುತ್ತಿದ್ದ ಗಡ್ಡೆಗಳು. ಆ ಶಿಶುಗಳಲ್ಲಿ ಎಷ್ಟೋ ಜನರಿಗೆ ಬೇಡದ ಆಪರೇಷನ್, ಬೇಡದ ಕೀಮೋ ಆಗಿತ್ತು. ಜಪಾನ್ ಆ ಕಾರ್ಯಕ್ರಮವನ್ನೇ ನಿಲ್ಲಿಸಿತು. ಬೇಗ ಹಿಡಿದರೆ ಯಾವಾಗಲೂ ಒಳ್ಳೆಯದು ಅನ್ನುವ ನಂಬಿಕೆಗೆ ಇಷ್ಟು ದೊಡ್ಡ ಪೆಟ್ಟು ಮಕ್ಕಳ ಕ್ಯಾನ್ಸರಿನಲ್ಲಿ ಇನ್ನೊಂದು ಬಿದ್ದಿಲ್ಲ ಅಂತ ನನಗನ್ನಿಸುತ್ತದೆ.

ಅಲ್ಲಿಂದ ಮುಂದೆ ವೈದ್ಯರು ಧೈರ್ಯ ಮಾಡಿ ಕೈಕಟ್ಟಿ ಕೂರುವುದನ್ನು ಕಲಿತರು. ಅಮೆರಿಕದಲ್ಲಿ ಆರು ತಿಂಗಳೊಳಗಿನ, ಅಡ್ರಿನಲ್‌ನಲ್ಲಿ ಸಣ್ಣ ಗಡ್ಡೆ ಇದ್ದ 83 ಶಿಶುಗಳನ್ನು ಆಪರೇಷನ್ ಮಾಡದೆ ಅಲ್ಟ್ರಾಸೌಂಡ್ ಮತ್ತು ಮೂತ್ರ ಪರೀಕ್ಷೆಯಲ್ಲಿ ಗಮನಿಸುತ್ತಾ ಹೋದರು. ಐದರಲ್ಲಿ ನಾಲ್ಕು ಮಕ್ಕಳಿಗೆ ಕೊನೆಗೂ ಆಪರೇಷನ್ ಬೇಕಾಗಲಿಲ್ಲ. 2012ರಲ್ಲಿ ಈ ಫಲಿತಾಂಶ ಬಂದಾಗ ಎಲ್ಲ ಮಕ್ಕಳೂ ಬದುಕಿದ್ದರು. ಗೋಣಿಕೊಪ್ಪದ ಮಗುವಿಗೆ ಡಾಕ್ಟರು ಹೇಳಿದ್ದು ಇದನ್ನೇ ನಂಬಿ. ಅದು ನಿರ್ಲಕ್ಷ್ಯವಲ್ಲ, ಅದೇ ಅಲ್ಲಿಯ ಸರಿಯಾದ ಚಿಕಿತ್ಸೆ.

ನಿಮ್ಮ ತಂಗಿಯ ಮಗನದು ಹೆಸರಿಗೆ ಮಾತ್ರ ಅದೇ ಕಾಯಿಲೆ. ಆ ಮಗುವನ್ನು ನೋಡಿ ಇವನ ಚಿಕಿತ್ಸೆಯನ್ನು ಒಂದು ದಿನವೂ ಮುಂದೂಡಬೇಡಿ. ಒಂದೂವರೆ ವರ್ಷ ದಾಟಿದ ಮಗುವಿನಲ್ಲಿ ಮೂಳೆಗೆ ಹರಡಿದ್ದರೆ ಅದು ತಾನಾಗಿ ಹೋಗುವುದಿಲ್ಲ. ಅದರ ಮೇಲೆ ಎನ್-ಮಿಕ್ ಇದೆ. ಎನ್-ಮಿಕ್ ಅನ್ನುವುದು ಕೋಶಕ್ಕೆ ಹೆಚ್ಚುತ್ತಾ ಹೋಗು ಅಂತ ಹೇಳುವ ಒಂದು ಜೀನ್. 1983-84ರ ಹೊತ್ತಿಗೆ ಇದನ್ನು ಗುರುತಿಸಿ, ಇದು ಜಾಸ್ತಿ ಇರುವ ಗಡ್ಡೆ ವೇಗವಾಗಿ ಹರಡುತ್ತದೆ ಅಂತ ಕಂಡುಕೊಂಡರು. ಫಿಶ್ ಅನ್ನುವ ಪರೀಕ್ಷೆಯಲ್ಲಿ ಈ ಜೀನ್ ಹೊಳೆಯುವ ಚುಕ್ಕೆಯಾಗಿ ಕಾಣುತ್ತದೆ. ಸಾಮಾನ್ಯ ಕೋಶದಲ್ಲಿ ಎರಡೇ ಚುಕ್ಕೆ. ಇಂಥ ಗಡ್ಡೆಯ ಕೋಶದಲ್ಲಿ ಹತ್ತಾರು, ಒಮ್ಮೊಮ್ಮೆ ಎಣಿಸಲಾಗದಷ್ಟು ಚುಕ್ಕೆಗಳು ಮುತ್ತಿಕೊಂಡಿರುತ್ತವೆ. ಐದರಲ್ಲಿ ಸುಮಾರು ಒಂದು ನ್ಯೂರೋಬ್ಲಾಸ್ಟೋಮಾದಲ್ಲಿ ಹೀಗಿರುತ್ತದೆ. ಇದನ್ನು ನೇರವಾಗಿ ತಡೆಯುವ ಔಷಧ ನಲವತ್ತು ವರ್ಷವಾದರೂ ಆಸ್ಪತ್ರೆಗೆ ಬಂದಿಲ್ಲ. ಈ ಜೀನ್ ತಯಾರಿಸುವ ಪ್ರೋಟೀನಿಗೆ ಔಷಧ ಹೋಗಿ ಕೂರಲು ಒಂದು ಸರಿಯಾದ ಸಂದಿಯೇ ಇಲ್ಲ. ಸಂಶೋಧಕರು ಸುತ್ತಿನ ದಾರಿಗಳನ್ನು ಹುಡುಕುತ್ತಿದ್ದಾರೆ.

ಚಿಕಿತ್ಸೆ ಹೇಗೆ ಸಾಗುತ್ತದೆ ಅಂತ ಅಲ್ಲಿಯ ಡಾಕ್ಟರು ಹೇಳಿಯೇ ಇರುತ್ತಾರೆ: ಮೊದಲು ಹಲವು ಸುತ್ತು ಕೀಮೋ, ಗಡ್ಡೆ ಕುಗ್ಗಿದ ಮೇಲೆ ಆಪರೇಷನ್, ಆಮೇಲೆ ಮಗುವಿನದೇ ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಕೋಶಗಳು) ತೆಗೆದಿಟ್ಟುಕೊಂಡು ಭಾರೀ ಡೋಸಿನ ಕೀಮೋ ಕೊಟ್ಟು ಅವನ್ನು ವಾಪಸ್ ಹಾಕುವ ಕಸಿ, ರೇಡಿಯೇಷನ್, ಕೊನೆಗೆ ಐಸೋಟ್ರೆಟಿನಾಯಿನ್ ಮಾತ್ರೆ. ಈ ಮಾತ್ರೆ ಮೊಡವೆಗೆ ಕೊಡುವಂಥದ್ದೇ. ಮೆಡಿಕಲ್ ಶಾಪಿನವರು ಇದ್ಯಾಕೆ ಈ ಪುಟ್ಟ ಮಗುವಿಗೆ ಅಂತ ಕೇಳಿದರೆ ಗಾಬರಿಯಾಗಬೇಡಿ. ಬಲಿಯದೆ ಉಳಿದ ಕೋಶಗಳನ್ನು ಬಲಿಯುವಂತೆ ಮಾಡುವುದು ಅದರ ಕೆಲಸ. ಸ್ಟೆಮ್ ಸೆಲ್ ಕಸಿ ಮತ್ತು ಈ ಮಾತ್ರೆ, ಎರಡರಿಂದಲೂ ಲಾಭವಿದೆ ಅಂತ 1999ರಲ್ಲಿ ಅಮೆರಿಕದ ಒಂದು ದೊಡ್ಡ ಪ್ರಯೋಗ ತೋರಿಸಿತು. ಮಾತ್ರೆ ತಗೊಂಡವರಲ್ಲಿ ಮೂರು ವರ್ಷಕ್ಕೆ ಕಾಯಿಲೆ ಮರುಕಳಿಸದೆ ಇದ್ದವರು 46%, ತಗೊಳ್ಳದವರಲ್ಲಿ 29%. ನಮ್ಮಲ್ಲಿ ಸುಲಭವಾಗಿ ಸಿಗುವ, ದುಬಾರಿಯಲ್ಲದ ಔಷಧಕ್ಕೆ ಇದು ಸಣ್ಣ ಮಾತಲ್ಲ. ಕಸಿ ಮುಗಿದ ಮೇಲೆ ಎಲ್ಲ ಆಯಿತು ಅಂತ ಊರಿಗೆ ಬಂದು ಈ ಮಾತ್ರೆ ಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಪೇಪರಿನಲ್ಲಿ ಬರುವ ಹೊಸ ಔಷಧಗಳಲ್ಲಿ ನಿಜವಾಗಿ ಆಟ ಬದಲಾಯಿಸಿದ್ದು ಜಿಡಿ2 ಆಂಟಿಬಾಡಿ. ಜಿಡಿ2 ಅಂದರೆ ಈ ಗಡ್ಡೆಯ ಕೋಶಗಳ ಮೈಮೇಲೆ ದಟ್ಟವಾಗಿರುವ ಒಂದು ವಸ್ತು. ಆಂಟಿಬಾಡಿ ಅದಕ್ಕೆ ಹೋಗಿ ಅಂಟಿಕೊಳ್ಳುತ್ತದೆ, ಮಗುವಿನದೇ ರೋಗನಿರೋಧಕ ಕೋಶಗಳು ಬಂದು ಆ ಗುರುತು ನೋಡಿ ಹೊಡೆಯುತ್ತವೆ. 2010ರಲ್ಲಿ 226 ಮಕ್ಕಳ ಪ್ರಯೋಗದ ಫಲಿತಾಂಶ ಬಂತು. ಎರಡು ವರ್ಷಕ್ಕೆ ಕಾಯಿಲೆ ಮರುಕಳಿಸದೆ ಇದ್ದವರು ಹಳೆಯ ಚಿಕಿತ್ಸೆಯಲ್ಲಿ 46%, ಆಂಟಿಬಾಡಿ ಸೇರಿಸಿದಾಗ 66%. ಡಿನುಟುಕ್ಸಿಮ್ಯಾಬ್ ಅನ್ನುವ ಹೆಸರಿನಲ್ಲಿ ಇದಕ್ಕೆ ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಇದರ ಅಣ್ಣತಮ್ಮಂದಿರು ಯುರೋಪಿನಲ್ಲಿ 2017ರಲ್ಲಿ, ಮತ್ತೆ ಅಮೆರಿಕದಲ್ಲಿ 2020ರಲ್ಲಿ ಬಂದವು.

ಈ ಔಷಧ ಕೊಡುವಾಗ ಮಗುವಿಗೆ ವಿಪರೀತ ನೋವಾಗುತ್ತದೆ. ಕಾರಣ ಏನೆಂದರೆ ನೋವನ್ನು ಸಾಗಿಸುವ ನರಗಳ ಮೇಲೂ ಜಿಡಿ2 ಇದೆ. ಹತ್ತು ಗಂಟೆಗೂ ಮೀರಿ ನಿಧಾನವಾಗಿ ಡ್ರಿಪ್‌ನಲ್ಲಿ ಹಾಕುತ್ತಾರೆ, ನಾಲ್ಕು ದಿನ ಸತತವಾಗಿ, ಜೊತೆಗೆ ಮಾರ್ಫಿನ್ ಓಡುತ್ತಲೇ ಇರಬೇಕು. ಚಾದರ ತಾಗಿದರೂ ಅಳುವ ಮಕ್ಕಳಿದ್ದಾರೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಯಾರಾದರೂ ಔಷಧ ತರಿಸಿಕೊಡುತ್ತೇವೆ, ಯಾವ ನರ್ಸಿಂಗ್ ಹೋಮಿನಲ್ಲಿ ಬೇಕಾದರೂ ಹಾಕಿಸಬಹುದು ಅಂದರೆ ನಂಬಬೇಡಿ. ಅನುಭವ ಇರುವ ಜಾಗದಲ್ಲಿ ಮಾತ್ರ ಕೊಡುವ ಔಷಧ ಇದು.

ನಮಗೆ ಸಿಗುತ್ತಾ ಅಂದರೆ, ಸತ್ಯ ಕಹಿಯಾಗಿದೆ. ಬೆಲೆ ಅಷ್ಟಿದೆ, ನಮ್ಮ ದೇಶದ ಹೆಚ್ಚಿನ ಮಕ್ಕಳಿಗೆ ಇದು ಕೈಗೆಟುಕುವುದಿಲ್ಲ. ದಾನಿಗಳಿಂದಲೋ, ಕಂಪನಿಯ ಸಹಾಯದಿಂದಲೋ, ಯಾವುದಾದರೂ ಪ್ರಯೋಗದಲ್ಲಿ ಸೇರಿಯೋ ಸಿಕ್ಕರೆ ಸಿಕ್ಕಿತು. ನಿಮ್ಮ ಡಾಕ್ಟರನ್ನು ನೇರವಾಗಿ ಕೇಳಿ, ಅದೂ ಈಗಲೇ ಕೇಳಿ. ಕಸಿ ಮುಗಿದ ಮೇಲೆ ಓಡಾಡಲು ಶುರುಮಾಡಿದರೆ ಸಮಯ ಸಾಲುವುದಿಲ್ಲ. ಆದರೆ ಇದಕ್ಕಾಗಿ ತೋಟ ಮಾರುವ ಮುಂಚೆ ಒಂದು ವಿಷಯ ತಿಳಿದಿರಲಿ: ಮೊದಲ ಹಂತದ ಕೀಮೋ, ಪೂರ್ತಿಯಾಗಿ, ಸಮಯಕ್ಕೆ ಸರಿಯಾಗಿ ಆಗದಿದ್ದರೆ ಆಮೇಲೆ ಯಾವ ಆಂಟಿಬಾಡಿಯೂ ಕೈ ಹಿಡಿಯುವುದಿಲ್ಲ. ಎಲ್ಲ ಸೌಲಭ್ಯ ಇರುವ ದೇಶಗಳಲ್ಲೂ ಹೈ ರಿಸ್ಕ್ ಮಕ್ಕಳಲ್ಲಿ ದೀರ್ಘಕಾಲ ಬದುಕುವವರು ಸುಮಾರು ಅರ್ಧದಷ್ಟು. ನಮ್ಮಲ್ಲಿ ಅದಕ್ಕಿಂತ ಕಡಿಮೆ. ಅದಕ್ಕೆ ಔಷಧ ಇಲ್ಲದಿರುವುದು ಒಂದು ಕಾರಣ, ನಡುವೆ ಚಿಕಿತ್ಸೆ ಬಿಟ್ಟುಹೋಗುವುದು ಇನ್ನೊಂದು. ಎರಡನೆಯದು ಸ್ವಲ್ಪವಾದರೂ ನಮ್ಮ ಕೈಯಲ್ಲಿದೆ.

ಕಾರ್-ಟಿ ಅಂದರೆ ರೋಗಿಯದೇ ರೋಗನಿರೋಧಕ ಕೋಶಗಳನ್ನು ತೆಗೆದು, ಕ್ಯಾನ್ಸರ್ ಕೋಶದ ಗುರುತು ಹಿಡಿಯುವ ಹಾಗೆ ಬದಲಾಯಿಸಿ ಮತ್ತೆ ಮೈಗೆ ಹಾಕುವ ಚಿಕಿತ್ಸೆ. ನೀವು ಓದಿದ್ದು ಬಹುಶಃ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ಚಿಕಿತ್ಸೆ ಇರಬೇಕು. ಅದಕ್ಕೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿದ್ದು ನಿಜ, ಹೆಮ್ಮೆಯ ವಿಷಯವೂ ಹೌದು. ಆದರೆ ಅದು ಬಿ-ಸೆಲ್ ಜಾತಿಯ ರಕ್ತದ ಕ್ಯಾನ್ಸರಿಗೆ. ಅದರ ಗುರಿ ಸಿಡಿ19 ಅನ್ನುವ ಗುರುತು, ನ್ಯೂರೋಬ್ಲಾಸ್ಟೋಮಾದಲ್ಲಿ ಆ ಗುರುತೇ ಇಲ್ಲ. ಇವನಿಗೆ ಅದು ಆಗುವುದಿಲ್ಲ. ಜಿಡಿ2 ಹುಡುಕುವ ಕಾರ್-ಟಿ ಬೇರೆ ಇದೆ. 2023ರಲ್ಲಿ ರೋಮ್‌ನ ಬಂಬಿನೋ ಜೆಸು ಮಕ್ಕಳ ಆಸ್ಪತ್ರೆಯವರು, ಬೇರೆ ಚಿಕಿತ್ಸೆಗೆ ಬಗ್ಗದ 27 ಮಕ್ಕಳಿಗೆ ಇದನ್ನು ಕೊಟ್ಟ ಫಲಿತಾಂಶ ಪ್ರಕಟಿಸಿದರು. 63% ಮಕ್ಕಳಲ್ಲಿ ಗಡ್ಡೆ ಕುಗ್ಗಿತು, ಒಂಬತ್ತು ಮಕ್ಕಳಲ್ಲಿ ಪೂರ್ತಿ ಮಾಯವಾಯಿತು. 2025ರಲ್ಲಿ ಅಮೆರಿಕದ ಹ್ಯೂಸ್ಟನ್‌ನಿಂದ ಇನ್ನೊಂದು ಸುದ್ದಿ: ಬಾಲ್ಯದಲ್ಲಿ ಇಂಥ ಕೋಶಗಳನ್ನು ಪಡೆದ ಒಬ್ಬರು ಹದಿನೆಂಟು ವರ್ಷದ ಮೇಲೂ ಕಾಯಿಲೆಯಿಲ್ಲದೆ ಇದ್ದಾರೆ. ಆದರೆ ಆ ಪ್ರಯೋಗದಲ್ಲಿ ಇದ್ದ 19 ಮಕ್ಕಳಲ್ಲಿ ಹೆಚ್ಚಿನವರು ಕಾಯಿಲೆಯಿಂದ ತೀರಿಕೊಂಡರು ಅನ್ನುವುದು ಹೆಡ್‌ಲೈನಿನಲ್ಲಿ ಬರಲಿಲ್ಲ. ನನ್ನ ಪ್ರಕಾರ ಮುಂದಿನ ಹತ್ತು ವರ್ಷದಲ್ಲಿ ದೊಡ್ಡ ಹೆಜ್ಜೆ ಬರುವುದಾದರೆ ಈ ಕಡೆಯಿಂದಲೇ. ಸದ್ಯಕ್ಕೆ ಇದು ಪ್ರಯೋಗದ ಹಂತದ್ದು.

ಡಿಎಫ್‌ಎಂಒ ಅನ್ನುವ ಮಾತ್ರೆಯ ಹೆಸರೂ ನಿಮ್ಮ ಕಿವಿಗೆ ಬೀಳಬಹುದು. ಆಫ್ರಿಕಾದ ನಿದ್ದೆರೋಗಕ್ಕೆ ಬಳಸುತ್ತಿದ್ದ ಹಳೆಯ ಔಷಧ. ಕಾಯಿಲೆ ಹಿಡಿತಕ್ಕೆ ಬಂದ ಮೇಲೆ ಮರುಕಳಿಸದಿರಲಿ ಅಂತ ಎರಡು ವರ್ಷ ಕೊಡಲು 2023ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನನಗೆ ಇದರ ಬಗ್ಗೆ ಅರ್ಧ ಮನಸ್ಸು. ಚೀಟಿ ಎತ್ತಿದ ಹಾಗೆ ಮಕ್ಕಳನ್ನು ಎರಡು ಗುಂಪು ಮಾಡಿ ಹೋಲಿಸಿದ ಪ್ರಯೋಗದ ಮೇಲೆ ಅಲ್ಲ, ಹಿಂದಿನ ಒಂದು ಪ್ರಯೋಗದ ಮಕ್ಕಳ ಜೊತೆ ಹೋಲಿಸಿ ಕೊಟ್ಟ ಒಪ್ಪಿಗೆ ಅದು. ಅಲ್ಲದೆ ಒಪ್ಪಿಗೆ ಇರುವುದು ಜಿಡಿ2 ಆಂಟಿಬಾಡಿ ಪಡೆದ ಮಕ್ಕಳಿಗೆ.

ಇವೆಲ್ಲದಕ್ಕಿಂತ ಈಗಲೇ ಕೆಲಸಕ್ಕೆ ಬರುವ ಪ್ರಶ್ನೆ ಒಂದಿದೆ: ಗಡ್ಡೆಯಲ್ಲಿ ಆಲ್ಕ್ ಜೀನ್ ಪರೀಕ್ಷೆ ಮಾಡಿದ್ದಾರಾ? ಕುಟುಂಬಗಳಲ್ಲಿ ಬರುವ ನ್ಯೂರೋಬ್ಲಾಸ್ಟೋಮಾಕ್ಕೆ ಈ ಜೀನ್ ಮುಖ್ಯ ಕಾರಣ ಅಂತ 2008ರಲ್ಲಿ ಗೊತ್ತಾಯಿತು. ಕುಟುಂಬದಲ್ಲಿ ಯಾರಿಗೂ ಇಲ್ಲದಿದ್ದರೂ ಹತ್ತರಲ್ಲಿ ಸುಮಾರು ಒಂದು ಗಡ್ಡೆಯಲ್ಲಿ ಇದು ಕೆಟ್ಟಿರುತ್ತದೆ. ಕೆಟ್ಟಿದ್ದರೆ ಲೊರ್ಲಾಟಿನಿಬ್ ಅನ್ನುವ ಮಾತ್ರೆಗೆ ದಾರಿ ಇದೆ. ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರಿಗೆ ಬಳಸುವ ಔಷಧ ಅದು. ನ್ಯೂರೋಬ್ಲಾಸ್ಟೋಮಾ ಮಕ್ಕಳಲ್ಲೂ ಕೆಲಸ ಮಾಡುತ್ತದೆ ಅಂತ 2023ರ ಪ್ರಯೋಗ ತೋರಿಸಿದೆ. ಬಯಾಪ್ಸಿ ತುಣುಕು ಲ್ಯಾಬಿನಲ್ಲಿ ಇದ್ದೇ ಇರುತ್ತದೆ, ಹೊಸದಾಗಿ ಸೂಜಿ ಹಾಕಬೇಕಿಲ್ಲ.

ಇನ್ನು ಊರಿನ ಮಾತು. ಕೀಮೋ ಆದ ಒಂದು ಎರಡು ವಾರದಲ್ಲಿ ಬಿಳಿ ರಕ್ತಕಣ ಕುಸಿಯುತ್ತದೆ. ಆಗ ಜ್ವರ ಬಂದರೆ ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ರಕ್ತನಾಳಕ್ಕೆ ಹೋಗಬೇಕು. ಬೆಳಿಗ್ಗೆ ನೋಡೋಣ, ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸೋಣ ಅನ್ನುವ ಹಾಗಿಲ್ಲ. ಸಿದ್ದಾಪುರದ ತೋಟದ ಮನೆಯಿಂದ ಜುಲೈ ರಾತ್ರಿ, ಮರ ಬಿದ್ದು ಕರೆಂಟು ನೆಟ್‌ವರ್ಕ್ ಎರಡೂ ಇಲ್ಲದಾಗ ಬೆಂಗಳೂರಿಗೆ ಹೊರಡುವುದನ್ನು ಯೋಚಿಸಿ. 2018ರ ಆಗಸ್ಟ್ ನಮಗೆ ಮರೆತಿಲ್ಲ, ಮಡಿಕೇರಿಯಿಂದ ಮಂಗಳೂರಿನ ರಸ್ತೆಯೇ ಮುಚ್ಚಿಹೋಗಿತ್ತು. ಹಾಗಾಗಿ ಮೊದಲ ಆರೇಳು ತಿಂಗಳು ಆಸ್ಪತ್ರೆಯ ಹತ್ತಿರವೇ ಒಂದು ರೂಮು ಮಾಡಿಕೊಳ್ಳಿ. ಊರಿಗೆ ಬರಲೇಬೇಕೆಂದರೆ ಡಾಕ್ಟರಿಂದ ಒಂದು ಚೀಟಿ ಬರೆಸಿಕೊಳ್ಳಿ: ಮಗುವಿನ ತೂಕ, ಕೊನೆಯ ಕೀಮೋ ತಾರೀಖು, ಜ್ವರ 38 ಡಿಗ್ರಿ ದಾಟಿದರೆ ಯಾವ ಆಂಟಿಬಯೋಟಿಕ್, ಎಷ್ಟು ಡೋಸ್. ಅದನ್ನು ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಮೊದಲೇ ಹೋಗಿ ತೋರಿಸಿಡಿ. ಮೊದಲ ಡೋಸ್ ಅಲ್ಲೇ ಆಗಲಿ, ಪ್ರಯಾಣ ಆಮೇಲೆ. ಮನೆಯಲ್ಲಿ ಥರ್ಮಾಮೀಟರ್ ಇರಲಿ, ಹಣೆ ಮುಟ್ಟಿ ನೋಡುವುದು ಸಾಲದು.

ಊಟದಲ್ಲಿ ಮನೆಯವರು ಅಂದುಕೊಂಡಷ್ಟು ಪಥ್ಯ ಬೇಡ. ಆಗಷ್ಟೇ ಬೇಯಿಸಿದ್ದು, ಚೆನ್ನಾಗಿ ಬೆಂದದ್ದು ಆದರೆ ಕಡುಬು, ಮೊಟ್ಟೆ, ಕೋಳಿ, ಪಂದಿ ಎಲ್ಲ ತಿನ್ನಬಹುದು. ಕಾಡುಜೇನು, ನಾಟಿಮದ್ದು, ಯಾರೋ ಕೊಟ್ಟ ಕಷಾಯ ಬೇಡ. ಕಕ್ಕಡ ತಿಂಗಳ ಮದ್ದು ಸೊಪ್ಪಿನ ಪಾಯಸವನ್ನೂ ಈ ವರ್ಷ ಮಗುವಿಗೆ ಬಿಟ್ಟು ಉಳಿದವರು ತಿನ್ನಿ. ಅದು ಕೆಟ್ಟದ್ದು ಅಂತಲ್ಲ. ಇಷ್ಟು ಕೀಮೋ ಔಷಧಗಳ ನಡುವೆ ಮಗುವಿನ ಲಿವರಿಗೆ ಇನ್ನೊಂದು ಕೆಲಸ ಕೊಡುವುದು ಬೇಡ ಅಂತ.

ಖರ್ಚಿನ ವಿಷಯ ಚಿಕ್ಕದಾಗಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್ ಆದರೆ ಸರ್ಕಾರ ಒಂದು ಭಾಗ ಮಾತ್ರ ಕೊಡುತ್ತದೆ. ಯಾವ ಆಸ್ಪತ್ರೆ ಯೋಜನೆಯಲ್ಲಿದೆ, ರೆಫರಲ್ ಪತ್ರ ಬೇಕಾ ಅಂತ ಅಡ್ಮಿಷನ್‌ಗೆ ಮೊದಲೇ ಅಲ್ಲಿಯ ಆರೋಗ್ಯಮಿತ್ರರನ್ನು ಕೇಳಿ. ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಕೊಡುತ್ತಿದ್ದರೆ ಆಗಾಗ ಕಿವಿ ಪರೀಕ್ಷೆಯನ್ನೂ ಮಾಡಿಸಿ. ಆ ಔಷಧ ಕೇಳುವ ಶಕ್ತಿಯನ್ನು ಕಡಿಮೆ ಮಾಡಬಲ್ಲದು. ಮಾತು ಕಲಿಯುವ ವಯಸ್ಸಿನ ಮಗುವಿಗೆ ಕಿವಿ ಮಂದವಾದರೆ ಹೊರಗಿನವರಿಗೆ ಹಠ ಅನ್ನಿಸುತ್ತದೆ, ಅಷ್ಟೇ.

ದೊಡ್ಡ ಮಗಳಿಗೆ ಸ್ಕ್ಯಾನ್ ಬೇಡ. ಈ ಕಾಯಿಲೆ ಕುಟುಂಬದಲ್ಲಿ ಬರುವುದು ನೂರರಲ್ಲಿ ಒಂದೆರಡು ಮಾತ್ರ. ಇದು ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳ ಕಾಯಿಲೆ, ಅವಳು ಆ ವಯಸ್ಸು ದಾಟಿದ್ದರೆ ಇನ್ನೂ ನಿಶ್ಚಿಂತೆ. ತಮ್ಮನ ಗಡ್ಡೆಯಲ್ಲಿ ಆಲ್ಕ್ ಕೆಟ್ಟಿದೆ ಅಂತ ಬಂದರೆ ಮಾತ್ರ ಇನ್ನೊಂದು ಹೆಜ್ಜೆ ಇದೆ. ಆ ಬದಲಾವಣೆ ಗಡ್ಡೆಯಲ್ಲಷ್ಟೇ ಇದೆಯಾ, ಹುಟ್ಟಿನಿಂದಲೇ ಮೈಯೆಲ್ಲ ಇದೆಯಾ ಅಂತ ತಮ್ಮನ ರಕ್ತದಲ್ಲಿ ನೋಡುತ್ತಾರೆ. ರಕ್ತದಲ್ಲೂ ಇದ್ದರೆ ಆಗ ಅಪ್ಪ, ಅಮ್ಮ, ಅಕ್ಕ ಮೂವರಿಗೂ ರಕ್ತ ಪರೀಕ್ಷೆ. ಇಲ್ಲದಿದ್ದರೆ ಅವಳನ್ನು ಪರೀಕ್ಷೆಗೆ ಅಲೆಸುವುದು ಬಿಟ್ಟು ಶಾಲೆಗೆ ಕಳಿಸಿ. ತಾಯಿ ಬೆಂಗಳೂರಿನಲ್ಲಿರುವ ತಿಂಗಳುಗಳಲ್ಲಿ ಅವಳನ್ನು ನೋಡಿಕೊಳ್ಳುವವರು ಯಾರು ಅನ್ನುವುದನ್ನು ಮಾತ್ರ ನೀವೂ ಭಾವನವರೂ ಈ ವಾರವೇ ಕೂತು ತೀರ್ಮಾನಿಸಿ.